ಸ್ಕ್ಯಾನ್ ಸರಿಯಿದೆ, ಮತ್ತೆ ಮರೆವೇಕೆ? ನ್ಯೂರೋಸೈಕಾಲಜಿ ಪರೀಕ್ಷೆಯ ಒಳಹೊರಗು

ತಲೆಗೆ ಪೆಟ್ಟಾಗಿ ಮೂರು ತಿಂಗಳು ಕಳೆದಿದೆ. ಎಂಆರ್‌ಐ ಸ್ಕ್ಯಾನಿನಲ್ಲಿ ಏನೂ ಕಾಣಿಸಿಲ್ಲ. ಆದರೂ ಕೆಲಸಕ್ಕೆ ಕೂತರೆ ಅರ್ಧ ಗಂಟೆಗೇ ಬುದ್ಧಿ ಮಂಕಾಗುತ್ತದೆ, ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರ ಮಾತೂ ತಲೆಗೆ ಹತ್ತುವುದಿಲ್ಲ. ಇದಕ್ಕೆ ತದ್ವಿರುದ್ಧವೂ ಇದೆ: ಎಪ್ಪತ್ತು ದಾಟಿದವರೊಬ್ಬರ ಸ್ಕ್ಯಾನ್ ವರದಿಯಲ್ಲಿ ಮಿದುಳು ಕುಗ್ಗಿದೆ ಎಂದು ಬರೆದಿರುತ್ತದೆ, ಅವರು ಮಾತ್ರ ಮನೆಯ ಲೆಕ್ಕಪತ್ರವನ್ನೆಲ್ಲ ತಪ್ಪಿಲ್ಲದೆ ನೋಡಿಕೊಳ್ಳುತ್ತಿರುತ್ತಾರೆ. ಇಂಥ ಎರಡೂ ಸಂದರ್ಭಗಳಲ್ಲಿ ನರರೋಗ ತಜ್ಞರು ನ್ಯೂರೋಸೈಕಾಲಜಿ ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಮನೆಯವರಿಗೆ ದಿಗಿಲಾಗುತ್ತದೆ. ಇದು ಮನೋರೋಗದ ಪರೀಕ್ಷೆಯೇ, ಬುದ್ಧಿಮತ್ತೆಯ ಪರೀಕ್ಷೆಯೇ, ಪಾಸು ಫೇಲು ಉಂಟೇ?

ಮೂರೂ ಅಲ್ಲ. ಮಿದುಳಿಗೂ ನಡವಳಿಕೆಗೂ ಇರುವ ಸಂಬಂಧವನ್ನು ಓದುವ ಶಾಸ್ತ್ರ ನ್ಯೂರೋಸೈಕಾಲಜಿ; ಕನ್ನಡದಲ್ಲಿ ನರಮನೋವಿಜ್ಞಾನ. ಸ್ಕ್ಯಾನ್ ತೋರಿಸುವುದು ಮಿದುಳಿನ ರಚನೆಯನ್ನು. ಆ ಮಿದುಳು ಕೆಲಸವನ್ನು ಹೇಗೆ ಮಾಡುತ್ತಿದೆ ಎಂಬುದನ್ನು ತಿಳಿಯಬೇಕಾದರೆ ಅದಕ್ಕೆ ಕೆಲಸ ಕೊಟ್ಟೇ ನೋಡಬೇಕು. ನರರೋಗ ತಜ್ಞರು ಕಾಯಿಲೆಯನ್ನು ಪತ್ತೆಹಚ್ಚಿ ಔಷಧ ಕೊಡುತ್ತಾರೆ, ಮನೋವೈದ್ಯರು ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುತ್ತಾರೆ. ನ್ಯೂರೋಸೈಕಾಲಜಿಸ್ಟರ ಮೂಲ ಓದು ಮನೋವಿಜ್ಞಾನ. ಅದರ ಮೇಲೆ ಮಿದುಳಿನ ರಚನೆ, ಅದರ ಕಾಯಿಲೆಗಳು ಮತ್ತು ಅಳತೆಯ ವಿಧಾನಗಳಲ್ಲಿ ಅವರು ತರಬೇತಿ ಪಡೆದಿರುತ್ತಾರೆ. ಅವರ ಕೈಯಲ್ಲಿರುವ ಸಲಕರಣೆ ತೀರ ಸರಳ: ಕಾಗದ, ಪೆನ್ಸಿಲ್, ಸ್ಟಾಪ್‌ವಾಚ್, ಒಂದಿಷ್ಟು ಚಿತ್ರಗಳು, ಮರದ ತುಂಡುಗಳು, ಕೆಲವೊಮ್ಮೆ ಒಂದು ಕಂಪ್ಯೂಟರ್.

ಗಾಯಗಳಿಂದ ಕಲಿತ ಪಾಠ

1861ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ಕಂಡ. ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತಿತ್ತು, ಬಾಯಿಂದ ಹೊರಡುತ್ತಿದ್ದುದು ಮಾತ್ರ ‘ತಾನ್’ ಎಂಬ ಒಂದೇ ಸದ್ದು. ಆತ ತೀರಿಕೊಂಡ ಮೇಲೆ ನೋಡಿದರೆ ಮಿದುಳಿನ ಎಡಬದಿಯ ಮುಂಭಾಗದಲ್ಲಿ, ಹಣೆಯ ಹಿಂದೆ ತುಸು ಕೆಳಗೆ, ಹಾನಿಯಾಗಿತ್ತು. 1874ರಲ್ಲಿ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ಇದರ ಎದುರು ಬಗೆಯನ್ನು ವಿವರಿಸಿದ: ಮಾತು ಸರಾಗವಾಗಿ ಹರಿಯುತ್ತದೆ, ಆದರೆ ಅದಕ್ಕೆ ಅರ್ಥವಿರುವುದಿಲ್ಲ, ಕೇಳಿದ್ದೂ ತಿಳಿಯುವುದಿಲ್ಲ. ಇಲ್ಲಿ ಹಾನಿಯಾಗುವುದು ಎಡಕಿವಿಯ ಆಸುಪಾಸಿನಲ್ಲಿರುವ ಟೆಂಪೊರಲ್ ಭಾಗದ ಹಿಂಬದಿಗೆ.

ಈ ಜೋಡಿಯನ್ನು ಒಟ್ಟಿಗಿಟ್ಟು ನೋಡುವುದೇ ಈ ಶಾಸ್ತ್ರದ ಮುಖ್ಯ ತರ್ಕ. ಒಬ್ಬ ರೋಗಿಗೆ ಅ ಎಂಬ ಕೆಲಸ ಬರುವುದಿಲ್ಲ, ಇ ಬರುತ್ತದೆ ಎಂದಷ್ಟೇ ತಿಳಿದರೆ ಸಾಲದು; ಅ ಕೆಲಸವೇ ಹೆಚ್ಚು ಕಷ್ಟದ್ದಾಗಿರಬಹುದು. ಇನ್ನೊಬ್ಬನಿಗೆ ಇ ಬರದೆ ಅ ಬಂದರೆ ಆಗ ಎರಡೂ ಬೇರೆಬೇರೆ ವ್ಯವಸ್ಥೆಗಳನ್ನು ನೆಚ್ಚಿಕೊಂಡಿವೆ ಎನ್ನಬಹುದು. 1955ರಲ್ಲಿ ಮನೋವಿಜ್ಞಾನಿ ಹಾನ್ಸ್-ಲ್ಯೂಕಸ್ ಟಾಯ್ಬರ್ ಈ ತರ್ಕಕ್ಕೆ ‘ಡಬಲ್ ಡಿಸೋಸಿಯೇಷನ್’ ಎಂದು ಹೆಸರಿಟ್ಟರು. ಇಮ್ಮುಖ ಬೇರ್ಪಡೆ ಎನ್ನೋಣ.

ನೆನಪಿನ ವಿಷಯದಲ್ಲಿ ದಾರಿ ತೋರಿಸಿದವರು ಅಮೆರಿಕದ ಹೆನ್ರಿ ಮೊಲೈಸನ್. ಹತೋಟಿಗೆ ಬಾರದ ಅಪಸ್ಮಾರಕ್ಕಾಗಿ 1953ರಲ್ಲಿ, 27ನೇ ವಯಸ್ಸಿನಲ್ಲಿ, ಅವರ ಮಿದುಳಿನ ಎರಡೂ ಬದಿಯ ಟೆಂಪೊರಲ್ ಭಾಗದ ಒಳಮೈಯನ್ನು ತೆಗೆದುಹಾಕಲಾಯಿತು. ಹಿಪೊಕ್ಯಾಂಪಸ್ ಎಂಬ ಅಂಗದ ಬಹುಪಾಲು ಅದರೊಂದಿಗೇ ಹೋಯಿತು. ಬುದ್ಧಿ ಕುಂದಲಿಲ್ಲ, ಮಾತು ಕೆಡಲಿಲ್ಲ. ಹೊಸತಾಗಿ ನಡೆದುದು ಮಾತ್ರ ನೆನಪಿನಲ್ಲಿ ನಿಲ್ಲದಾಯಿತು. ಆದರೂ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಕೆಲಸವನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ದಿನದಿನವೂ ಕೊಟ್ಟಾಗ ಅವರ ಕೈ ಪಳಗುತ್ತ ಹೋಯಿತು. ಹಿಂದೆ ಅದನ್ನು ಮಾಡಿದ್ದೇ ಅವರಿಗೆ ನೆನಪಿರಲಿಲ್ಲ! ನಡೆದುದರ ನೆನಪು ಬೇರೆ, ಕೈಯ ಕಸುಬಿನ ನೆನಪು ಬೇರೆ ಎಂಬುದು ಹೀಗೆ ಖಚಿತವಾಯಿತು.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಒಂದು ಭಾಗ ಕೆಟ್ಟಾಗ ಒಂದು ಶಕ್ತಿ ಹೋಯಿತು ಎಂದ ಮಾತ್ರಕ್ಕೆ ಆ ಶಕ್ತಿ ಅಲ್ಲೇ ವಾಸವಾಗಿತ್ತು ಎಂದಾಗುವುದಿಲ್ಲ. ಸೇತುವೆ ಕುಸಿದರೆ ಆಚೆಯ ಊರಿಗೆ ಹಾಲು ಬರುವುದು ನಿಲ್ಲುತ್ತದೆ. ಹಾಗೆಂದು ಹಾಲು ಕರೆಯುತ್ತಿದ್ದುದು ಸೇತುವೆಯಲ್ಲ. ಮಿದುಳಿನ ಕೆಲಸಗಳು ಹಲವು ಭಾಗಗಳನ್ನು ಹೆಣೆದ ಜಾಲಗಳಲ್ಲಿ ನಡೆಯುತ್ತವೆ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರೊಂದಿಗೆ ಕೆಲಸ ಮಾಡಿದ ರಷ್ಯಾದ ಅಲೆಕ್ಸಾಂಡರ್ ಲೂರಿಯಾ ಒತ್ತಿ ಹೇಳಿದ್ದು ಇದನ್ನೇ: ರೋಗಿಗೆ ಬರೆಯಲು ಆಗುತ್ತಿಲ್ಲ ಎಂಬುದನ್ನು ಗುರುತಿಸಿ ನಿಲ್ಲಬಾರದು, ಬರವಣಿಗೆಯ ಯಾವ ಹಂತದಲ್ಲಿ ತೊಡಕಾಯಿತು ಎಂದು ಹುಡುಕಬೇಕು. ಕೇಳಿದ ಸದ್ದನ್ನು ಬಿಡಿಸಿಕೊಳ್ಳುವಲ್ಲಿಯೇ, ಅಕ್ಷರದ ಆಕಾರದಲ್ಲಿಯೇ, ಕೈಯ ಚಲನೆಯ ಸರಣಿಯಲ್ಲಿಯೇ? ಎಡಮಿದುಳಿನ ಜನ, ಬಲಮಿದುಳಿನ ಜನ ಎಂಬ ಜನಪ್ರಿಯ ವಿಂಗಡಣೆಗೂ ಈ ಶಾಸ್ತ್ರಕ್ಕೂ ಸಂಬಂಧವಿಲ್ಲ.

ಪರೀಕ್ಷೆಯ ದಿನ ಏನು ನಡೆಯುತ್ತದೆ

ಮೊದಲು ಮಾತುಕತೆ, ಸುಮಾರು ಒಂದು ಗಂಟೆ. ತೊಂದರೆ ಯಾವಾಗ ಶುರುವಾಯಿತು, ಒಮ್ಮೆಗೇ ಬಂತೋ ಮೆಲ್ಲಗೆ ಬಂತೋ, ಏರುತ್ತಿದೆಯೋ ನಿಂತಿದೆಯೋ ಎಂದು ಕೇಳುತ್ತಾರೆ. ಓದಿದ್ದು ಎಷ್ಟು, ಯಾವ ಕೆಲಸ, ಯಾವ ಕೈ ರೂಢಿ, ಮನೆಯಲ್ಲಿ ಯಾವ ಭಾಷೆ, ನಿದ್ದೆ ಹೇಗೆ, ಯಾವ ಮಾತ್ರೆಗಳು ಎಂಬುದೆಲ್ಲ ಬೇಕು. ಯಾವ ಕೈ ರೂಢಿ ಎಂದು ಕೇಳುವುದು ಸುಮ್ಮನೆ ಅಲ್ಲ: ಬಲಗೈಯವರಲ್ಲಿ ಶೇ. 95ರಷ್ಟು ಮಂದಿಗೆ ಭಾಷೆ ಎಡಮಿದುಳಿನಲ್ಲಿ ನೆಲೆಯಾಗಿದ್ದರೆ, ಎಡಗೈಯವರಲ್ಲಿ ಆ ಪ್ರಮಾಣ ಶೇ. 70ರ ಆಸುಪಾಸು. ಮನೆಯವರೊಬ್ಬರನ್ನು ಬೇರೆಯಾಗಿ ಕೂರಿಸಿ ಮಾತಾಡಿಸುತ್ತಾರೆ. ತನ್ನ ತೊಂದರೆ ತನಗೇ ಅರಿವಿಗೆ ಬಾರದಿರುವುದು ಕೆಲವು ಮಿದುಳು ಕಾಯಿಲೆಗಳ ಲಕ್ಷಣವೇ ಆಗಿರುವುದರಿಂದ ಈ ಮಾತುಕತೆಯನ್ನು ಬಿಡುವಂತಿಲ್ಲ.

ಆಮೇಲೆ ಪರೀಕ್ಷೆಗಳು. ಕಾರಣಕ್ಕೆ ತಕ್ಕಂತೆ ಎರಡರಿಂದ ಆರು ಗಂಟೆ, ನಡುವೆ ವಿರಾಮ. ಬೇಗ ದಣಿಯುವವರಿಗೆ ಎರಡು ದಿನಕ್ಕೆ ಹಂಚುತ್ತಾರೆ. ಗಮನ, ಕೆಲಸದ ವೇಗ, ಭಾಷೆ, ನೋಟ ಮತ್ತು ಜಾಗದ ಅರಿವು, ನೆನಪು, ಯೋಜನಾಶಕ್ತಿ, ಮನಸ್ಸಿನ ಸ್ಥಿತಿ, ಇವಿಷ್ಟೂ ಅಳತೆಗೆ ಒಳಪಡುತ್ತವೆ.

ಗಮನವನ್ನು ಮೊದಲಿಗೇ ನೋಡುವುದು ವಾಡಿಕೆ, ಏಕೆಂದರೆ ಅದು ಕೆಟ್ಟಿದ್ದರೆ ಮುಂದಿನ ಯಾವ ಅಂಕವನ್ನೂ ನಂಬುವಂತಿಲ್ಲ. ಸೆಕೆಂಡಿಗೆ ಒಂದರಂತೆ ಅಂಕಿಗಳನ್ನು ಓದಿ, ಅದೇ ಕ್ರಮದಲ್ಲಿ, ಆಮೇಲೆ ಹಿಂದುಮುಂದಾಗಿ ಹೇಳಿಸುತ್ತಾರೆ. ಕಾಗದದ ಮೇಲೆ ಚೆಲ್ಲಿದ 25 ವೃತ್ತಗಳನ್ನು 1, 2, 3 ಎಂದು ಗೆರೆಯೆಳೆದು ಜೋಡಿಸುವುದು ಒಂದು ಕೆಲಸ; ಅಂಕಿ, ಅಕ್ಷರ, ಅಂಕಿ, ಅಕ್ಷರ ಎಂದು ಸರದಿಯಲ್ಲಿ ಜೋಡಿಸುವುದು ಅದರ ಎರಡನೇ ಭಾಗ. ಮೊದಲನೆಯದಕ್ಕೆ 40 ಸೆಕೆಂಡು, ಎರಡನೆಯದಕ್ಕೆ 200 ಸೆಕೆಂಡು ಹಿಡಿದರೆ ಕೈಯೂ ಕಣ್ಣೂ ಚುರುಕಾಗಿವೆ, ಮನಸ್ಸು ಒಂದು ನಿಯಮದಿಂದ ಇನ್ನೊಂದಕ್ಕೆ ಹೊರಳಲು ತಿಣುಕುತ್ತಿದೆ ಎಂದು ತಿಳಿಯಬಹುದು. ಎರಡರಲ್ಲೂ ನಿಧಾನವಾದರೆ ಅದು ಒಟ್ಟಾರೆ ವೇಗದ ಪ್ರಶ್ನೆ.

ನಿಯಮ ಬದಲಾದಾಗ ಹೊಂದಿಕೊಳ್ಳುವ ಶಕ್ತಿಗೆಂದೇ ಇನ್ನೊಂದು ಪರೀಕ್ಷೆಯಿದೆ, ವಿಸ್ಕಾನ್ಸಿನ್ ಕಾರ್ಡ್ ವಿಂಗಡಣೆ. ಬಣ್ಣ, ಆಕಾರ, ಸಂಖ್ಯೆ ಈ ಮೂರರಲ್ಲಿ ಯಾವುದರ ಪ್ರಕಾರ ಕಾರ್ಡುಗಳನ್ನು ಹೊಂದಿಸಬೇಕೆಂದು ಪರೀಕ್ಷಕರು ಹೇಳುವುದಿಲ್ಲ. ಸರಿ, ತಪ್ಪು ಎಂದಷ್ಟೇ ಹೇಳುತ್ತಾರೆ. ಸತತವಾಗಿ ಹತ್ತು ಸರಿಯಾದೊಡನೆ ಸದ್ದಿಲ್ಲದೆ ನಿಯಮವನ್ನು ಬದಲಿಸುತ್ತಾರೆ. ತಪ್ಪು ಎಂದು ಕೇಳಿಸಿಕೊಳ್ಳುತ್ತಲೇ ಹಳೆಯ ನಿಯಮಕ್ಕೆ ಅಂಟಿಕೊಳ್ಳುವುದನ್ನು ಬೇರೆಯಾಗಿ ಎಣಿಸಲಾಗುತ್ತದೆ. ನೋಟದ ಅರಿವಿಗೆ ಜಟಿಲ ರೇಖಾಚಿತ್ರವೊಂದನ್ನು ನಕಲು ಮಾಡಿಸುತ್ತಾರೆ: 18 ಭಾಗಗಳು, ಒಟ್ಟು 36 ಅಂಕ. ಚಿತ್ರದ ಎಡ ಅರ್ಧವೇ ಬಿಟ್ಟುಹೋಗಿದ್ದರೆ ಬಲಮಿದುಳಿನ ಪಾರ್ಶ್ವವಾಯುವಿನ ನಂತರ ಕಾಣುವ ‘ಎಡಬದಿಯ ಅಲಕ್ಷ್ಯ’ವನ್ನು ಶಂಕಿಸುತ್ತಾರೆ. ಕಣ್ಣು ಸರಿಯಿರುತ್ತದೆ, ಗಮನ ಆ ಬದಿಗೆ ಹೋಗುವುದಿಲ್ಲ.

ಹದಿನೈದು ಪದಗಳು, ಮೂರು ಬಗೆಯ ಮರೆವು

ಈ ಪರೀಕ್ಷೆಗಳು ಅಂಕದಾಚೆಗೆ ಏನು ಹೇಳುತ್ತವೆ ಎಂಬುದು ಚೆನ್ನಾಗಿ ಕಾಣುವುದು ಪದಪಟ್ಟಿಯ ಪರೀಕ್ಷೆಯಲ್ಲಿ. ಒಂದಕ್ಕೊಂದು ಸಂಬಂಧವಿಲ್ಲದ 15 ಪದಗಳನ್ನು ಸೆಕೆಂಡಿಗೊಂದರಂತೆ ಓದಿ, ನೆನಪಿದ್ದಷ್ಟನ್ನು ಯಾವ ಕ್ರಮದಲ್ಲಾದರೂ ಹೇಳಿ ಎನ್ನುತ್ತಾರೆ. ಇದೇ ಪಟ್ಟಿ ಐದು ಸಲ. ಬಳಿಕ ಬೇರೆ 15 ಪದಗಳ ಪಟ್ಟಿಯೊಂದು ಒಂದು ಸಲ ಮಾತ್ರ, ಬೇಕೆಂದೇ ಅಡ್ಡಿಪಡಿಸಲು. ತಕ್ಷಣ ಮೊದಲ ಪಟ್ಟಿಯನ್ನು ಮತ್ತೆ ಓದದೆ ಕೇಳುತ್ತಾರೆ. ಅಲ್ಲಿಂದ 20–30 ನಿಮಿಷ ಬೇರೆ ಕೆಲಸ. ಆ ಅವಧಿಯಲ್ಲಿ ಪದಗಳಿರುವ ಇನ್ನೊಂದು ಪರೀಕ್ಷೆ ಕೊಡಬಾರದು, ಕೊಟ್ಟರೆ ಆ ಪದಗಳು ಇಲ್ಲಿಗೆ ನುಸುಳುತ್ತವೆ. ಚಿತ್ರ ಬಿಡಿಸುವ, ತುಂಡು ಜೋಡಿಸುವ ಕೆಲಸ ಸುರಕ್ಷಿತ. ಅದಾದ ಮೇಲೆ ಮತ್ತೆ ಮೊದಲ ಪಟ್ಟಿಯನ್ನು ಕೇಳುತ್ತಾರೆ. ಕೊನೆಗೆ ಗುರುತಿಸುವ ಹಂತ: ಹಳೆಯ ಪದಗಳನ್ನು ಹೊಸವುಗಳೊಂದಿಗೆ ಬೆರೆಸಿ, ಇದು ಪಟ್ಟಿಯಲ್ಲಿತ್ತೇ ಇಲ್ಲವೇ ಎನ್ನುವುದಷ್ಟೇ ಪ್ರಶ್ನೆ.

ಉದಾಹರಣೆಗೆಂದು ಮೂವರ ಅಂಕಗಳನ್ನು ಕಲ್ಪಿಸಿಕೊಳ್ಳೋಣ. ಮೂವರ ದೂರೂ ಒಂದೇ: ಮರೆವು.

ಮೊದಲನೆಯವರು ಐದು ಸಲದಲ್ಲಿ ಹೇಳಿದ್ದು 3, 5, 4, 5, 5. ಅರ್ಧ ಗಂಟೆಯ ನಂತರ 4. ಕಲಿತದ್ದೇ ಕಡಿಮೆ, ಕಲಿತದ್ದು ಬಹುಪಾಲು ಉಳಿದಿದೆ. ಮಾಹಿತಿ ಒಳಗೇ ಹೋಗಿಲ್ಲ. ನಿದ್ದೆಗೇಡು, ತೀವ್ರ ಆತಂಕ, ಮಂಪರು ತರಿಸುವ ಮಾತ್ರೆ, ಗಮನದ ತೊಂದರೆ, ಇವನ್ನು ಮೊದಲು ಹುಡುಕಬೇಕು.

ಎರಡನೆಯವರದು 4, 6, 7, 7, 8. ಅರ್ಧ ಗಂಟೆಯ ನಂತರ 1. ಗುರುತಿಸುವಾಗಲೂ ಹಳೆಯ ಪದಗಳಲ್ಲಿ ಎಂಟಕ್ಕಷ್ಟೇ ಹೌದು ಎಂದಿದ್ದಾರೆ, ಪಟ್ಟಿಯಲ್ಲಿಲ್ಲದ ಹಲವಕ್ಕೂ ಹೌದು ಎಂದಿದ್ದಾರೆ. ಒಳಗೆ ಹೋದದ್ದು ನಿಂತಿಲ್ಲ, ಸುಳುಹು ಕೊಟ್ಟರೂ ಎದ್ದುಬರುವುದಿಲ್ಲ. ಹಿಪೊಕ್ಯಾಂಪಸ್ಸಿಗೆ ಹಾನಿಯಾದಾಗ ಕಾಣುವ ಬಗೆ ಇದು. ಆಲ್ಜೈಮರ್ ಕಾಯಿಲೆಯ ಆರಂಭದಲ್ಲಿ ಹೀಗಿರುವುದು ಸಾಮಾನ್ಯ. ಇಂಥವರು ಹೇಳುವ ಪದಗಳಲ್ಲಿ ಪಟ್ಟಿಯ ಕೊನೆಯವುಗಳ ಪಾಲು ಹೆಚ್ಚು, ಮೊದಲಿನವುಗಳ ಪಾಲು ಕಡಿಮೆ. ಒಟ್ಟು ಅಂಕವನ್ನಷ್ಟೇ ನೋಡುವವರಿಗೆ ಈ ಸಂಗತಿ ಕಾಣಿಸುವುದೇ ಇಲ್ಲ.

ಮೂರನೆಯವರದು 4, 6, 8, 8, 9. ಅರ್ಧ ಗಂಟೆಯ ನಂತರ 4. ಇಷ್ಟೇ ನೋಡಿದರೆ ಇದೂ ಮರೆವೇ. ಗುರುತಿಸುವಾಗ ಮಾತ್ರ 15ರಲ್ಲಿ 14 ಸರಿ, ತಪ್ಪು ಹೌದುಗಳು ಇಲ್ಲವೆನ್ನುವಷ್ಟು ಕಡಿಮೆ. ಮಾಹಿತಿ ಒಳಗಿದೆ, ಹುಡುಕಿ ತೆಗೆಯುವುದು ಕಷ್ಟವಾಗಿದೆ. ಖಿನ್ನತೆ, ಪಾರ್ಕಿನ್ಸನ್ ಕಾಯಿಲೆ, ಮಿದುಳಿನ ಸಣ್ಣ ರಕ್ತನಾಳಗಳ ತೊಂದರೆ, ಹಣೆಯ ಹಿಂದಿರುವ ಫ್ರಂಟಲ್ ಭಾಗಕ್ಕೆ ಬಿದ್ದ ಪೆಟ್ಟು, ಇವುಗಳಲ್ಲಿ ಈ ಬಗೆ ಹೆಚ್ಚು.

ಅರ್ಧ ಗಂಟೆಯ ನಂತರ ಮೊದಲನೆಯವರೂ ಮೂರನೆಯವರೂ ಹೇಳಿದ್ದು ನಾಲ್ಕೇ ಪದ. ಕಾರಣ ಬೇರೆ, ಮುಂದಿನ ದಾರಿಯೂ ಬೇರೆ. ಹಾಗೆಂದು ಈ ಮೂರು ಬಗೆಗಳೇ ರೋಗನಿರ್ಣಯವಲ್ಲ. ಇವು ಸುಳುಹುಗಳು, ಕಾಯಿಲೆಯ ಇತಿಹಾಸ, ಸ್ಕ್ಯಾನ್, ರಕ್ತಪರೀಕ್ಷೆ ಮತ್ತು ಉಳಿದ ಪರೀಕ್ಷೆಗಳ ಜೊತೆ ತಾಳೆಯಾಗಬೇಕು. ನಿಜಜೀವನದಲ್ಲಿ ಎರಡು ಬಗೆಗಳು ಬೆರೆತು ಬರುವುದೇ ಹೆಚ್ಚು.

ಅಂಕಗಳನ್ನು ಓದುವುದು

ವರದಿಯಲ್ಲಿ ಬರುವ ಅಂಕಗಳು ಶಾಲೆಯ ಅಂಕಗಳಲ್ಲ. ಅದೇ ವಯಸ್ಸಿನ, ಅದೇ ಮಟ್ಟದ ಓದಿನ ಆರೋಗ್ಯವಂತರ ಗುಂಪಿನಲ್ಲಿ ಈ ವ್ಯಕ್ತಿ ಎಲ್ಲಿ ನಿಲ್ಲುತ್ತಾರೆ ಎಂಬುದನ್ನಷ್ಟೇ ಅವು ಹೇಳುತ್ತವೆ. ಬುದ್ಧಿ, ನೆನಪುಗಳನ್ನು ಅಳೆಯುವ ವೆಕ್ಸ್ಲರ್ ಮಾದರಿಯ ಪರೀಕ್ಷೆಗಳಲ್ಲಿ ಸರಾಸರಿ 100, ಮಾನಕ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ) 15. ನೂರರಲ್ಲಿ ಸುಮಾರು 68 ಮಂದಿ 85ರಿಂದ 115ರ ನಡುವೆ ಬರುತ್ತಾರೆ, 70ಕ್ಕಿಂತ ಕೆಳಗೆ ಬೀಳುವವರು ಸುಮಾರು ಇಬ್ಬರು. 16ನೇ ಪರ್ಸೆಂಟೈಲ್ ಎಂದಿದ್ದರೆ ನೂರಕ್ಕೆ 16 ಅಂಕ ಬಂದಿದೆ ಎಂದು ಗಾಬರಿಯಾಗಬೇಕಿಲ್ಲ. ನೂರರಲ್ಲಿ 16 ಮಂದಿ ಇವರಿಗಿಂತ ಕೆಳಗಿದ್ದಾರೆ ಎಂದಷ್ಟೇ ಅದರ ಅರ್ಥ; ಅದು 85ರ ಇನ್ನೊಂದು ಹೆಸರು, ಸಾಮಾನ್ಯ ವ್ಯಾಪ್ತಿಯ ಕೆಳಅಂಚು.

ಒಂದು ಕೆಳಗಿನ ಅಂಕ ಕಂಡೊಡನೆ ಹಾನಿಯಾಗಿದೆ ಎನ್ನುವುದು ಅನುಭವವಿಲ್ಲದವರು ಮಾಡುವ ದೊಡ್ಡ ತಪ್ಪು. ಲೆಕ್ಕ ನೋಡಿ: ಆರೋಗ್ಯವಂತರಲ್ಲಿ ಶೇ. 5 ಮಂದಿ ಮಾತ್ರ ಬೀಳುವ ಮಟ್ಟವನ್ನು ಗೆರೆಯೆಂದು ಇಟ್ಟುಕೊಂಡು, ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಕೊಟ್ಟರೆ, ಪೂರ್ಣ ಆರೋಗ್ಯವಂತರು ಒಂದರಲ್ಲಾದರೂ ಆ ಗೆರೆಯ ಕೆಳಗೆ ಬೀಳುವ ಸಾಧ್ಯತೆ ಶೇ. 64. ನಿಜವಾದ ಪರೀಕ್ಷೆಗಳು ಒಂದರೊಡನೊಂದು ಸಂಬಂಧ ಹೊಂದಿರುವುದರಿಂದ ಸಾಧ್ಯತೆ ಇಷ್ಟಿರದು. ಆದರೂ ಒಂದೆರಡು ಬಿಡಿ ಅಂಕಗಳು ಕೆಳಗಿರುವುದು ಸಹಜ. ಒಂದೇ ಶಕ್ತಿಯನ್ನು ಅಳೆಯುವ ಎರಡು ಮೂರು ಪರೀಕ್ಷೆಗಳು ಒಟ್ಟಿಗೆ ಕುಸಿದಿದ್ದರೆ, ಆ ಕುಸಿತ ದಿನದ ಬದುಕಿನಲ್ಲೂ ಕಾಣುತ್ತಿದ್ದರೆ, ಆಗ ಅದಕ್ಕೆ ತೂಕ.

ಇನ್ನೊಂದು ತೊಡಕು: ಹೋಲಿಸಬೇಕಾದ್ದು ನಿಜಕ್ಕೂ ಊರ ಸರಾಸರಿಯೊಂದಿಗಲ್ಲ, ಅದೇ ವ್ಯಕ್ತಿಯ ಹಿಂದಿನ ಮಟ್ಟದೊಂದಿಗೆ. ಹಿಂದೆ 130ರ ಮಟ್ಟದಲ್ಲಿದ್ದವರು ಈಗ 100ಕ್ಕೆ ಇಳಿದರೆ ವರದಿ ‘ಸರಾಸರಿ’ ಎನ್ನುತ್ತದೆ, ಬಿದ್ದದ್ದು ಮಾತ್ರ ಎರಡು ವಿಚಲನೆಗಳಷ್ಟು. ಹಿಂದಿನ ಮಟ್ಟವನ್ನು ಅಳೆದಿಟ್ಟವರು ಅಪರೂಪ, ಹೀಗಾಗಿ ಓದು ಮತ್ತು ಉದ್ಯೋಗದಿಂದ ಅಂದಾಜು ಮಾಡುತ್ತಾರೆ. ಇಂಗ್ಲಿಷಿನಲ್ಲಿ ಬರೆದಂತೆ ಉಚ್ಚರಿಸದ ಪದಗಳನ್ನು ಓದಿಸಿ ಅಂದಾಜಿಸುವ ಉಪಾಯವೂ ಇದೆ, ಅಂಥ ಪದಗಳ ಪರಿಚಯ ಕಾಯಿಲೆ ಬಂದ ಮೇಲೂ ಬಹುಕಾಲ ಉಳಿಯುವುದರಿಂದ. ಕನ್ನಡದಂತೆ ಹೆಚ್ಚುಕಡಿಮೆ ಬರೆದಂತೆಯೇ ಓದುವ ಲಿಪಿಗಳಲ್ಲಿ ಈ ಉಪಾಯ ನಡೆಯದು.

ಎಲ್ಲಿ ಎಡವಟ್ಟಾಗುತ್ತದೆ

ಕನ್ನಡಕವನ್ನೋ ಶ್ರವಣಯಂತ್ರವನ್ನೋ ಮನೆಯಲ್ಲಿ ಬಿಟ್ಟುಬರುವುದು ಎಲ್ಲಕ್ಕಿಂತ ಸಾಮಾನ್ಯವಾದ, ಎಲ್ಲಕ್ಕಿಂತ ಸುಲಭವಾಗಿ ತಪ್ಪಿಸಬಹುದಾದ ಎಡವಟ್ಟು. ಪದವನ್ನೇ ಕೇಳಿಸಿಕೊಳ್ಳದವರಿಗೆ ನೆನಪಿನ ಅಂಕ ಕಡಿಮೆ ಬರುವುದರಲ್ಲಿ ಆಶ್ಚರ್ಯವೇನು! ಬಣ್ಣಗುರುಡು ಇರುವವರಿಗೆ ಬಣ್ಣದ ಪರೀಕ್ಷೆ, ಕೈ ಬಿದ್ದವರಿಗೆ ವೇಗದ ಬರವಣಿಗೆ, ಮಾತು ಕಳೆದುಕೊಂಡವರಿಗೆ ಪದಪಟ್ಟಿ, ಇವೆಲ್ಲ ಅಳೆಯಬೇಕಾದ್ದನ್ನು ಬಿಟ್ಟು ಬೇರೇನನ್ನೋ ಅಳೆಯುತ್ತವೆ. ನಿದ್ದೆ ಮಾತ್ರೆ, ಕೆಲವು ಅಲರ್ಜಿ ಮಾತ್ರೆ, ಅಪಸ್ಮಾರದ ಕೆಲವು ಔಷಧಗಳು ವೇಗವನ್ನೂ ನೆನಪನ್ನೂ ತಗ್ಗಿಸುತ್ತವೆ. ಟೋಪಿರಮೇಟ್ ಎಂಬ ಔಷಧ ಪದಗಳು ನಾಲಿಗೆಗೆ ಬಾರದಂತೆ ಮಾಡುವುದಕ್ಕೆ ಹೆಸರಾಗಿದೆ. ಹಾಗೆಂದು ಪರೀಕ್ಷೆಗೆಂದು ಮಾತ್ರೆಗಳನ್ನು ತಾವೇ ನಿಲ್ಲಿಸಬಾರದು, ಪಟ್ಟಿ ತಂದರೆ ಸಾಕು. ಹಿಂದಿನ ದಿನ ಫಿಟ್ಸ್ ಬಂದಿದ್ದರೆ ಪರೀಕ್ಷೆಯನ್ನು ಮುಂದೂಡುವುದು ಲೇಸು. ಪಾರ್ಶ್ವವಾಯುವಾದ ಮೊದಲ ವಾರಗಳಲ್ಲಿ ಸ್ಥಿತಿ ದಿನದಿನಕ್ಕೂ ಬದಲಾಗುವುದರಿಂದ ವಿಸ್ತೃತ ಪರೀಕ್ಷೆಗೆ ಕೆಲವು ತಿಂಗಳು ಕಾಯುತ್ತಾರೆ.

ಭಾಷೆಯ ವಿಷಯ ಇನ್ನೂ ಸೂಕ್ಷ್ಮ. ಒಂದು ಭಾಷೆಯ ಪದಪಟ್ಟಿಯನ್ನು ನಿಂತ ನಿಲುವಿನಲ್ಲಿ ಅನುವಾದಿಸಿದರೆ ಪದಗಳ ಉದ್ದ, ಬಳಕೆ ಎರಡೂ ಬದಲಾಗುತ್ತವೆ, ಅಲ್ಲಿಗೆ ಹೋಲಿಕೆಯ ಗುಂಪು ನಿಷ್ಪ್ರಯೋಜಕ. ಅಂಕಿಗಳ ಹೆಸರು ಉದ್ದವಾಗಿರುವ ಭಾಷೆಯಲ್ಲಿ ನೆನಪಿಡಬಹುದಾದ ಅಂಕಿಗಳ ಸಂಖ್ಯೆಯೇ ಕಡಿಮೆಯಾಗುತ್ತದೆ. ಒಂದು ನಿಮಿಷದಲ್ಲಿ ಒಂದೇ ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳಿಸುವಾಗ, ಗುಣಿತಾಕ್ಷರವಿರುವ ಲಿಪಿಗಳಲ್ಲಿ ‘ಕ’ ಎಂದರೆ ‘ಕಿ’, ‘ಕೊ’ ಕೂಡ ಸೇರುತ್ತವೆಯೇ ಎಂಬುದು ಮೊದಲೇ ನಿಗದಿಯಾಗಿರಬೇಕು. ದುಭಾಷಿಯಾಗಿ ಮನೆಯವರನ್ನು ಕೂರಿಸಿದರೆ, ಪ್ರೀತಿಯಿಂದ ಸುಳುಹು ಕೊಟ್ಟುಬಿಡುತ್ತಾರೆ.

ಹತ್ತು ನಿಮಿಷದ ತಪಾಸಣೆಯನ್ನೇ ಪೂರ್ಣ ಪರೀಕ್ಷೆ ಎಂದು ತಿಳಿಯುವುದೂ ಉಂಟು. ಮೋಕಾ ಎಂಬುದು 30 ಅಂಕಗಳ ತಪಾಸಣೆ, 2005ರಲ್ಲಿ ಪ್ರಕಟವಾದದ್ದು. 26 ಅಥವಾ ಹೆಚ್ಚು ಬಂದರೆ ಸಹಜ ಎಂಬುದು ಅದರ ಮೂಲ ನಿಯಮ. ಓದು 12 ವರ್ಷ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಒಂದು ಅಂಕ ಸೇರಿಸುತ್ತಾರೆ. ಶಾಲೆಗೇ ಹೋಗದವರಿಗೆ ಆ ಒಂದು ಅಂಕ ಏನೇನೂ ಸಾಲದು. ಇತ್ತ ಬಹಳ ಓದಿದವರು ಕಾಯಿಲೆ ಶುರುವಾದ ಮೇಲೂ 28 ತೆಗೆಯಬಲ್ಲರು. ತಪಾಸಣೆ ಹೇಳುವುದು ಮುಂದೆ ನೋಡಬೇಕೋ ಬೇಡವೋ ಎಂಬುದನ್ನಷ್ಟೇ.

ಪೂರ್ಣ ಮನಸ್ಸಿನಿಂದ ಪ್ರಯತ್ನಿಸಿದರೇ ಎಂಬುದನ್ನೂ ಅಳೆಯುತ್ತಾರೆ. ಪರಿಹಾರದ ಮೊಕದ್ದಮೆಗಳಿದ್ದಾಗ ಇದು ಕಡ್ಡಾಯವೆನ್ನಬಹುದು. ಎರಡೆರಡು ಚಿತ್ರ ತೋರಿಸಿ ಇವುಗಳಲ್ಲಿ ಈಗಾಗಲೇ ತೋರಿಸಿದ್ದು ಯಾವುದು ಎಂದು 50 ಸಲ ಕೇಳಿದರೆ, ಏನೂ ನೆನಪಿಲ್ಲದವರೂ ಕಣ್ಣುಮುಚ್ಚಿ ಆರಿಸಿ 25ರ ಆಸುಪಾಸು ಸರಿ ಮಾಡುತ್ತಾರೆ. ಅದಕ್ಕಿಂತ ತೀರ ಕಡಿಮೆ, ಹತ್ತೋ ಹನ್ನೆರಡೋ ಬಂದರೆ, ಸರಿಯುತ್ತರ ಗೊತ್ತಿದ್ದೇ ಬಿಟ್ಟಿರಬೇಕು.

ಇನ್ನೊಂದು ಮಿತಿ ಪರೀಕ್ಷಾ ಕೊಠಡಿಯದೇ. ಅಲ್ಲಿ ಸದ್ದಿಲ್ಲ, ಒಂದು ಸಲಕ್ಕೆ ಒಂದೇ ಕೆಲಸ, ಮುಂದೇನು ಎಂದು ಹೇಳಲು ಎದುರಿಗೆ ಒಬ್ಬರಿರುತ್ತಾರೆ. ಫ್ರಂಟಲ್ ಭಾಗಕ್ಕೆ ಹಾನಿಯಾದ ಕೆಲವರು ಇಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿ, ಮನೆಗೆ ಹೋದರೆ ಬೆಳಗಿನ ಕೆಲಸವನ್ನೇ ಶುರುಮಾಡಲಾರರು.

ವರದಿಯಿಂದ ಏನು ಉಪಯೋಗ

ಮರೆವಿನ ಮೂಲ ಖಿನ್ನತೆಯೋ ಡಿಮೆನ್ಷಿಯಾವೋ ಎಂದು ಬಿಡಿಸಲು, ಅಪಸ್ಮಾರದ ಶಸ್ತ್ರಚಿಕಿತ್ಸೆಗೆ ಮುನ್ನ ಭಾಷೆ ಮತ್ತು ನೆನಪಿಗೆ ಎಷ್ಟು ಅಪಾಯವಿದೆ ಎಂದು ಅಂದಾಜಿಸಲು, ಕೆಲಸಕ್ಕೆ ಅಥವಾ ಓದಿಗೆ ಮರಳುವ ವೇಗವನ್ನು ಗೊತ್ತುಮಾಡಲು ವರದಿ ಬೇಕು. ನನ್ನ ಮಟ್ಟಿಗೆ ಒಳ್ಳೆಯ ವರದಿಯ ಗುರುತು ಅಂಕಗಳ ಪಟ್ಟಿಯ ಉದ್ದವಲ್ಲ. ಕಳುಹಿಸಿದವರು ಕೇಳಿದ ಪ್ರಶ್ನೆಗೆ ಉತ್ತರ, ಏನು ಉಳಿದಿದೆ ಎಂಬ ವಿವರ, ಮುಂದೇನು ಮಾಡಬೇಕು ಎಂಬ ಸಲಹೆ, ಈ ಮೂರೂ ಅದರಲ್ಲಿರಬೇಕು.

ಸಲಹೆಗಳು ಹುಟ್ಟುವುದು ತಪ್ಪಿನ ಬಗೆಯಿಂದಲೇ. ಹುಡುಕಿ ತೆಗೆಯಲಾರದವರಿಗೆ ಸುಳುಹುಗಳು ನೆರವಾಗುತ್ತವೆ: ಗೋಡೆಯ ಪಟ್ಟಿ, ಫೋನಿನ ಅಲಾರಂ, ಆಯ್ಕೆ ಕೊಟ್ಟು ಕೇಳುವುದು. ನೆನಪು ನಿಲ್ಲದವರಿಗೆ ‘ಸ್ವಲ್ಪ ಯೋಚಿಸಿ ಹೇಳಿ’ ಎಂದು ಒತ್ತಾಯಿಸಿದರೆ ಕೇಡೇ ಹೆಚ್ಚು. ಊಹಿಸಿ ಹೇಳಿದ ತಪ್ಪೇ ಮುಂದೆ ರೂಢಿಯಾಗಿ ಕೂರುತ್ತದೆ, ಏಕೆಂದರೆ ರೂಢಿಯ ಕಲಿಕೆ ಅವರಲ್ಲಿ ಉಳಿದಿರುತ್ತದೆ, ಅದು ತಪ್ಪೆಂಬ ನೆನಪು ಉಳಿದಿರುವುದಿಲ್ಲ. ಅದಕ್ಕೇ ಸರಿಯುತ್ತರವನ್ನು ಮೊದಲೇ ಹೇಳಿಕೊಟ್ಟು, 30 ಸೆಕೆಂಡು, ಒಂದು ನಿಮಿಷ, ಎರಡು, ನಾಲ್ಕು, ಎಂಟು ನಿಮಿಷ ಎಂದು ಅಂತರ ಹೆಚ್ಚಿಸುತ್ತ ಕೇಳುತ್ತಾರೆ. ನಡುವೆ ತಪ್ಪಿದರೆ ಉತ್ತರ ಹೇಳಿಕೊಟ್ಟು, ಸರಿಬಂದ ಹಿಂದಿನ ಅಂತರಕ್ಕೆ ಮರಳುತ್ತಾರೆ. ಎಡಬದಿಯ ಅಲಕ್ಷ್ಯವಿರುವವರಿಗೆ ಪುಟದ ಎಡ ಅಂಚಿನಲ್ಲಿ ದಪ್ಪ ಕೆಂಪು ಗೆರೆಯೆಳೆದು, ಪ್ರತಿ ಸಾಲನ್ನೂ ಅಲ್ಲಿಂದಲೇ ಶುರುಮಾಡಿಸುತ್ತಾರೆ. ಮಿದುಳನ್ನು ಚುರುಕುಗೊಳಿಸುತ್ತೇವೆ ಎನ್ನುವ ಮೊಬೈಲ್ ಆಟಗಳಲ್ಲಿ ಜನ ಪಳಗುವುದು ಬಹುಪಾಲು ಆ ಆಟದಲ್ಲೇ. ಮನೆಗೆಲಸಕ್ಕೆ ಆ ಪಳಗುವಿಕೆ ದಾಟಿಬರುವುದು ಕಡಿಮೆ.

ಪರೀಕ್ಷೆಯನ್ನು ಮತ್ತೆ ಮಾಡಿಸುವುದಾದರೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳ ಅಂತರವಿರಲಿ, ಹಳೆಯ ವರದಿಯ ಪೂರ್ಣ ಪ್ರತಿ ಕೈಯಲ್ಲಿರಲಿ. ಬೇಗನೆ ಮರಳಿದರೆ ಪ್ರಶ್ನೆಗಳ ಪರಿಚಯದಿಂದಲೇ ಅಂಕ ಏರುತ್ತದೆ, ಅದನ್ನು ಚೇತರಿಕೆ ಎಂದು ತಪ್ಪು ತಿಳಿಯುವ ಅಪಾಯವಿದೆ. ಹಾಗಾಗಿ ಪದಪಟ್ಟಿಗಳಿಗೆ ಸಮಾನ ಕಷ್ಟದ ಬದಲಿ ಪಟ್ಟಿಗಳನ್ನು ಬಳಸುತ್ತಾರೆ. ಎರಡು ಸಲದ ನಡುವೆ ನಾಲ್ಕೈದು ಅಂಕದ ವ್ಯತ್ಯಾಸ ಕಂಡರೆ, ಅದು ಆ ಪರೀಕ್ಷೆಯ ಸಹಜ ಏರಿಳಿತವನ್ನು ಮೀರಿದ್ದೇ ಎಂದು ಪರೀಕ್ಷಕರನ್ನು ಕೇಳಬಹುದು. ಅದಕ್ಕೆ ಅವರ ಬಳಿ ಲೆಕ್ಕದ ಸೂತ್ರವಿರುತ್ತದೆ.